ತುರ್ವಿಹಾಳದ ಅಮರಮ್ಮನ ಹೆಸರು ತೆಗೆಯುವ ಪ್ಯಾಚಿನ ಮೇಲೆ ತಕರಾರು

ಇಂದ,
ಅಮರಮ್ಮ, ಗಂಡ ದಿವಂಗತ ಮಾಳಿಂಗರಾಯ,
ವಯಸ್ಸು: ಎಪ್ಪತ್ತರ ಮೇಲೆ, ಎಷ್ಟು ಮೇಲೆ ಎಂಬುದು ಖಾತ್ರಿಯಿಲ್ಲ,
ಉದ್ಯೋಗ: ಮನೆಗೆಲಸ ಹಾಗೂ ಆಪರೇಟಿಂಗ್ ಸಿಸ್ಟಮ್ ಪರಿಶೀಲನೆ,
ಸಾಕಿನ್ ತುರ್ವಿಹಾಳ, ಜಿಲ್ಲಾ ರಾಯಚೂರು.

ಗೆ,
ಮಾನ್ಯ ಮುಖ್ಯ ಉಸ್ತುವಾರಿಗಳು,
ಹಳೆಯ ಪ್ರಿಂಟರುಗಳ ಡ್ರೈವರ್ ವಿಭಾಗ
(ಆಪರೇಟಿಂಗ್ ಸಿಸ್ಟಮಿನ ಹೆಸರು ತಮಗೇ ಗೊತ್ತಿರುವ ಕಾರಣ ಬರೆದಿಲ್ಲ),
ಮುಕ್ಕಾಂ ಇಂಟರ್‌ನೆಟ್, ಪಿನ್ ಕೋಡ್ ಸಿಕ್ಕಿಲ್ಲ.

ಮುಖಾಂತರ: ಮೊಮ್ಮಗ ಹುಲಿಗೇಶ, ಲಾರಿ ತೂಗುವ ಕಾಟಾ, ಮಸ್ಕಿ ರಸ್ತೆ, ಸಿಂಧನೂರು.

ವಿಷಯ: ಕಾಮೆಂಟುಗಳ ಕಾಗುಣಿತ ತಿದ್ದುಪಡಿಯ ಪರಿಶೀಲಕರ ಯಾದಿಯಿಂದ ಅರ್ಜಿದಾರಳ ಹೆಸರನ್ನು ತೆಗೆಯದಿರುವ ಬಗ್ಗೆ, ಹಾಗೂ ಆಕೆ ಯಂತ್ರವಲ್ಲ ಎಂಬ ಬಗ್ಗೆ.

ಉಲ್ಲೇಖ: 1. "ಅಮರಮ್ಮ ಎಂಬ ವ್ಯಕ್ತಿ ಇರುವುದು ಅನುಮಾನ, ಹೆಸರು ತೆಗೆಯುವ ಪ್ಯಾಚ್ ಸಿದ್ಧವಿದೆ" ಎಂಬ ತಮ್ಮ ಇ-ಮೇಲ್.
2. ಆಡಿನ ಕಿವಿ (ವಿವರ ಮುಂದೆ ಬರುತ್ತದೆ).

ಮಾನ್ಯರೇ,

ಕೆಳಗೆ ಹೆಬ್ಬೆಟ್ಟು ಒತ್ತಿರುವ ಅಮರಮ್ಮ ಜೀವಂತ ಇದ್ದಾಳೆ, ಮನುಷ್ಯಳಾಗಿದ್ದಾಳೆ ಮತ್ತು ಸಿಟ್ಟಿಗೆದ್ದಿದ್ದಾಳೆ ಎಂಬ ಸಂಗತಿಗಳನ್ನು ಮೊದಲಿಗೇ ತಮ್ಮ ಅವಗಾಹನೆಗೆ ತರಲಾಗಿದೆ. ಈ ಅರ್ಜಿಯ ಬಿಕ್ಕಲಂ, ಅಂದರೆ ಬರೆದುಕೊಡುವವನಾದ ಶಾಮೀದಸಾಬನು ಸಿಂಧನೂರಿನ ತಾಲೂಕು ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂಡುವವನಾಗಿದ್ದು, ಖಾತಾ ಬದಲಾವಣೆ, ಹದ್ದುಬಸ್ತು, ದಾಯಾದಿ ತಂಟೆ ಮುಂತಾದ ನಾನಾ ನಮೂನೆಯ ಅರ್ಜಿಗಳಲ್ಲಿ ಕೈ ಪಳಗಿದವನು. ಹೀಗಿದ್ದರೂ ಎದುರಿಗೇ ಕೂತು ಎಲೆ ಅಡಿಕೆ ಜಗಿಯುತ್ತಿರುವ ಹೆಂಗಸನ್ನು ಕಂಪ್ಯೂಟರ್ ಅಲ್ಲವೆಂದು ರುಜುವಾತು ಮಾಡುವ ಕೆಲಸ ಅವನಿಗೆ ಬಿದ್ದದ್ದು ಇದೇ ಮೊದಲು. ಯಾ ಅಲ್ಲಾ, ಇದೆಂಥ ಕಾಲ ಬಂತು ಎಂದು ಅವನು ಅಂದದ್ದನ್ನು ಅರ್ಜಿಯಲ್ಲಿ ಸೇರಿಸಬಾರದಿತ್ತು, ಸೇರಿಬಿಟ್ಟಿದೆ.

1. ಅರ್ಜಿದಾರಳ ಮೊಮ್ಮಗ ಹುಲಿಗೇಶನು ಲಿಂಗಸುಗೂರಿನಲ್ಲಿ ಡಿಪ್ಲೊಮಾ ಓದಿ, ಈಗ ಸಿಂಧನೂರಿನಲ್ಲಿ ಭತ್ತದ ಲಾರಿ ತೂಗುವ ಕಾಟಾದಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ತೂಕದ ಚೀಟಿ ಹೊಡೆಯಲು ಕರ್ರ್ ಕರ್ರ್ ಎನ್ನುವ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ. ಒಂದು ದಿನ ಅದು ನಿಂತುಬಿಟ್ಟಿತು. "ಏನಾಗೇತಿ ನೋಡಲೇ" ಎಂದರು ಕಾಟಾದ ಸಾಹುಕಾರರು. ಬೇರೆ ಯಾರೇ ಆಗಿದ್ದರೂ ಪ್ರಿಂಟರಿನ ಮುಚ್ಚಳ ತೆಗೆದು ನೋಡುತ್ತಿದ್ದರು. ಹುಲಿಗೇಶ ಓದಿದವನಾದ ಕಾರಣ ಪ್ರಿಂಟರನ್ನು ನಡೆಸುವ ಡ್ರೈವರ್ ಪ್ರೋಗ್ರಾಮಿನ ಮೂಲ ಬರಹವನ್ನೇ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಮೊದಲ ಸಾಲಿನಿಂದ ಓದಲು ಕೂತ. ಹೊರಗೆ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ಪ್ರಿಂಟರಿನೊಳಗೆ ಹಲ್ಲಿ ಸಿಕ್ಕಿಕೊಂಡಿತ್ತೆಂಬುದು ಆಮೇಲೆ ಗೊತ್ತಾಯಿತು, ಒಬ್ಬ ಲಾರಿ ಕ್ಲೀನರ್ ಕಡ್ಡಿ ಹಾಕಿ ಅದನ್ನು ತೆಗೆದ. ಆದರೆ ಅಷ್ಟರಲ್ಲಿ ಹುಲಿಗೇಶನಿಗೆ ಬೇರೆಯದೇ ಸಿಕ್ಕಿತ್ತು.

2. ಸಿಕ್ಕಿದ್ದು ಕಾಮೆಂಟುಗಳು. ಕಾಮೆಂಟು ಎಂದರೆ ಪ್ರೋಗ್ರಾಮ್ ಬರೆದವರು ಮುಂದೆ ಓದುವವರಿಗಾಗಿ ನಡುನಡುವೆ ಬಿಟ್ಟ ಮಾತು, ಯಂತ್ರ ಅದನ್ನು ಓದದೆ ದಾಟಿ ಹೋಗುತ್ತದೆ ಎಂದು ಹುಲಿಗೇಶ ಬಿಕ್ಕಲಂನಿಗೆ ಮತ್ತೆ ಮತ್ತೆ ತಿಳಿಸಿ ಹೇಳಿದ್ದಾನೆ. (ತಮಗಿದು ಗೊತ್ತಿರುವುದೇ. ಯಥಾಪ್ರತಿ ಹೋಗುವವರ ಸಲುವಾಗಿ ಬರೆದಿದೆ.) ಆ ಕಾಮೆಂಟುಗಳ ತುಂಬ ಇಂಗ್ಲಿಷ್ ಕಾಗುಣಿತ ತಪ್ಪು. ಹುಲಿಗೇಶನೋ ಹತ್ತನೇ ತರಗತಿಯ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು, ಲಿಂಗಸುಗೂರಿನ ಖಾದರಬಾಷಾ ಮಾಸ್ತರ ಕೈಯಲ್ಲಿ ಕಿವಿ ಹಿಂಡಿಸಿಕೊಂಡು ಪಾಸಾದವನು. ದೊಡ್ಡ ದೊಡ್ಡ ದೇಶದವರೂ ತನ್ನಂತೆಯೇ ತಪ್ಪು ಬರೆಯುತ್ತಾರೆಂದು ಕಂಡಾಗ ಅವನಿಗಾದ ಸಂತೋಷ ಇಷ್ಟಂತಲ್ಲ. ಅಂದಿನಿಂದ ಒಂದು ಲಾರಿ ಹೋಗಿ ಇನ್ನೊಂದು ಬರುವ ನಡುವಿನ ಬಿಡುವಿನಲ್ಲಿ ಒಂದೊಂದೇ ತಪ್ಪು ತಿದ್ದಿ, ಪ್ಯಾಚ್ ಎಂಬ ತಿದ್ದುಪಡಿಯ ಇ-ಮೇಲನ್ನು ತಮ್ಮ ವಿಭಾಗಕ್ಕೆ ಕಳಿಸುವುದು ಅವನ ಚಟವಾಯಿತು. ಬೀಡಿ ಸೇದುವುದಕ್ಕಿಂತ ವಾಸಿ ಎಂದು ಮನೆಯವರು ಸುಮ್ಮನಿದ್ದರು.

3. ಮೊದಲನೇ ಪ್ಯಾಚು ತಮ್ಮಲ್ಲಿಂದ ತಿರುಗಿ ಬಂತು. "ನಿನ್ನ ಹೊರತು ಇನ್ನೊಬ್ಬರು ಇದನ್ನು ನೋಡಿರಬೇಕು, ನೋಡಿದ್ದಕ್ಕೆ ಅವರ ಹೆಸರು ಹಾಕಿರಬೇಕು" ಎಂದು ತಾವು ಬರೆದಿದ್ದೀರಿ. ಈ ಪ್ರಕರಣ ಹುಟ್ಟಿದ್ದು ಇಲ್ಲಿಂದ. ಕಾರಣ, ಆ ಮನೆಯಲ್ಲಿ ಮಾಳಿಂಗರಾಯನ ಕಾಲದಿಂದ ಒಂದು ರೂಢಿ ಇದೆ. ಹೊಸ್ತಿಲು ದಾಟಿ ಹೊರಗೆ ಏನೇ ಹೋಗಲಿ, ಮಾರುವ ಆಡಾಗಲಿ, ಬಿತ್ತುವ ಬೀಜವಾಗಲಿ, ಲಗ್ನಪತ್ರವಾಗಲಿ, ಮೊದಲು ಮನೆಯ ಹಿರಿಯರ ಮುಂದಿಟ್ಟು "ಹೂಂ" ಅನ್ನಿಸಿಕೊಂಡೇ ಕಳಿಸಬೇಕು. ಹುಲಿಗೇಶನಿಗೆ ತಮ್ಮ ನಿಯಮ ಓದಿದ ಕೂಡಲೇ, ಅರೆ, ಇದು ನಮ್ಮ ಮನೀ ಪದ್ಧತೀನೇ ಐತಲ್ಲ ಅನ್ನಿಸಿತು. ಸಂಜೆ ಮನೆಗೆ ಹೋದವನೇ ಪ್ಯಾಚನ್ನು ಅಜ್ಜಿಯ ಮುಂದಿಟ್ಟ.

4. ಇಲ್ಲಿ ಒಂದು ಮಾತು ಹೇಳಲೇಬೇಕಾಗಿದೆ, ಅರ್ಜಿದಾರಳು ಬೇಡವೆಂದರೂ. ಆ ರೂಢಿ ಮನೆಯಲ್ಲಿ ಹೆಸರಿಗೆ ಮಾತ್ರ ಉಳಿದಿತ್ತು. ಮಾಳಿಂಗರಾಯ ತೀರಿದ ಮೇಲೆ, ಅಮರಮ್ಮನ ಮೊಣಕಾಲು ಹಿಡಿದುಕೊಂಡ ಮೇಲೆ, ಯಜಮಾನಿಕೆ ಸೊಸೆ ಗಂಗಾದೇವಿಯ ಕೈಗೆ ಬಂತು. ಗಂಗಾದೇವಿ ಕೆಟ್ಟವಳಲ್ಲ. ಅತ್ತೆಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕುತ್ತಾಳೆ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾಳೆ. ಆದರೆ ಕೇಳುವುದನ್ನು ಬಿಟ್ಟಳು. ಆಡುಗಳನ್ನು ಮಾರಿ ಒಂದನ್ನಷ್ಟೇ ಉಳಿಸಿಕೊಂಡರು, ಕೇಳಲಿಲ್ಲ. ದನದ ಗ್ವಾದಲಿ ಒಡೆದು ಬಚ್ಚಲು ಕಟ್ಟಿದರು, ಕೇಳಲಿಲ್ಲ. ಮೊಮ್ಮಗಳು ಜ್ಯೋತಿಯನ್ನು ಮಸ್ಕಿಗೆ ಕೊಡುವ ಮಾತು ಮುಗಿದಿದೆ ಎಂಬುದು, ಬೀಗರು ಎಲೆ ಅಡಿಕೆ ಹಿಡಿದು ಬಂದು ಕಾಲು ಮುಟ್ಟಿದಾಗ ಆಕೆಗೆ ಗೊತ್ತಾಯಿತು. ನಡುವೆ ಬಾಯಿ ಹಾಕಿದರೆ, "ನಿನಗ್ಯಾಕ ಬೇಕತ್ತಿ, ಸುಮ್ಕ ಕುಂದ್ರು" ಎಂಬ ಒಂದೇ ಜವಾಬು. ಆಕೆ ಸುಮ್ಮನೆ ಕೂತಳು. ಬಾಗಿಲ ಕಟ್ಟೆಯ ಮೇಲೆ ಕೂತು ಹಾದಿಯಲ್ಲಿ ಹೋಗುವವರನ್ನೆಲ್ಲ "ಊಟ ಆತೇನಪಾ" ಎಂದು ಕೇಳುವುದೊಂದೇ ಉದ್ಯೋಗವಾಗಿ ಉಳಿಯಿತು. ಆಕೆಗೆ ಬಹಳ ದುಃಖವಾಗಿತ್ತು, ಹೇಳಿಕೊಳ್ಳಲಿಲ್ಲ ಅಷ್ಟೇ.

5. ಇಂಥ ಹೊತ್ತಿನಲ್ಲಿ ಮೊಮ್ಮಗ ಬಂದು ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಪ್ಯಾಚು ತೋರಿಸಿದ. ಅಂದು ನಡೆದ ಮಾತುಕತೆ ಈ ಕೆಳಗಿನಂತಿದೆ.

"ಏನಪಾ ಇದು?"

"ಇದ್ರಾಗ ಒಂದಕ್ಷರ ತಪ್ಪೈತಿ ಅಜ್ಜಿ. ತಿದ್ದೀನಿ. ನೀ ಹೂಂ ಅಂದ್ರ ಕಳಸ್ತೀನಿ."

"ತಿದ್ದಿದ್ರ ಮಿಷನ್ ನಿಲ್ತೈತೇನು?"

"ಇಲ್ಲಬೇ. ಮಿಷನ್ ಇದನ್ನ ಓದಂಗೇ ಇಲ್ಲ."

"ಓದಂಗಿಲ್ಲಂದ್ರ ಯಾಕ ತಿದ್ತೀ? ನಿನಗ ಬ್ಯಾರೆ ದಗದ ಇಲ್ಲೇನು?"

"ಮಂದಿ ಓದ್ತಾರಬೇ."

ಅಮರಮ್ಮ ಬಾಯಲ್ಲಿದ್ದ ಎಲೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದಳು. "ಇದನ್ನ ಬರದಾಂವ ಯಾರು?"

"ಓಡ್ವಾರ್ ಅಂತ, ನಾರ್ವೆ ದೇಶದಾಂವ. ಭಾಳ ವರ್ಷದ ಹಿಂದ ಬರದಾನ."

"ಅದಾನೋ, ಹೋಗ್ಯಾನೋ?"

"ನನಗೇನ್ ಗೊತ್ತು?"

"ಅವ್ನ ಮಾತು ಅವ್ನನ್ನ ಕೇಳ್ದ ತಿದ್ದೋದು ಅಂದ್ರೇನಲೇ? ಮನುಷ್ಯಾ ಇದ್ರ ಮದ್ಲು ಅವ್ನನ್ನ ಕೇಳು. ಕೇಳೂ ಮುಂದ ಊಟ ಆತೇನು ಅಂತಾನೂ ಕೇಳು. ಹೋದ ಕೂಡ್ಲೇ ತಪ್ಪು ತೋರಸ್ಬಾರ್ದು."

ಹುಲಿಗೇಶ ಅದನ್ನು ಹಾಗೆಹಾಗೇ ಇಂಗ್ಲಿಷಿಗೆ ಇಳಿಸಿ, ಕೆಳಗೆ "ನೋಡಿ ಒಪ್ಪಿದವರು: ಅಮರಮ್ಮ, ತುರ್ವಿಹಾಳ" ಎಂದು ಬರೆದು, ತಮಗೂ ಓಡ್ವಾರ್ ಎಂಬವರಿಗೂ ಕಳಿಸಿದ.

6. ಸದರಿ ಓಡ್ವಾರರು ಇದ್ದರು. ಉತ್ತರವನ್ನೂ ಬರೆದರು. ಮೊದಲನೇ ಸಾಲಿನಲ್ಲೇ "ಇಲ್ಲ, ಊಟ ಆಗಿಲ್ಲ" ಎಂದಿತ್ತು. ಹೆಂಡತಿ ತೀರಿಕೊಂಡ ಮೇಲೆ ತಾನೊಬ್ಬನೇ ಇರುವುದಾಗಿಯೂ, ಒಬ್ಬನಿಗೋಸ್ಕರ ಒಲೆ ಹಚ್ಚಲು ಬೇಸರವೆಂದೂ, ಈ ಡ್ರೈವರನ್ನು ತಾನೇ ಬರೆದವನೆಂಬುದು ವಿಭಾಗದವರಿಗೂ ಮರೆತುಹೋಗಿ ಯಾರೂ ಏನನ್ನೂ ಕೇಳುವುದಿಲ್ಲವೆಂದೂ, ತಪ್ಪನ್ನು ಅಗತ್ಯವಾಗಿ ತಿದ್ದಬೇಕೆಂದೂ ಬರೆದಿದ್ದರು. ಹುಲಿಗೇಶ ಕಡೆಯ ಸಾಲೊಂದನ್ನೇ ಓದಿ ಪ್ಯಾಚು ಮುಂದಕ್ಕೆ ಕಳಿಸಲು ಹೊರಟಿದ್ದ. ಅಮರಮ್ಮ ಬಿಡಲಿಲ್ಲ. "ಯಾರೂ ಕೇಳಂಗಿಲ್ಲ ಅಂದಾನ?" ಎಂದು ಆ ಸಾಲನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ, "ಮದ್ಲು ಉಣ್ಣಂತ ಬರಿ. ಪ್ಯಾಚಿನ ಮಾತು ಆಮ್ಯಾಲೆ" ಎಂದಳು. ಹೀಗಾಗಿ ಓಡ್ವಾರರು ಬಟಾಟೆ ಬೇಯಿಸಿ ಮೀನಿನ ಜೊತೆ ತಿಂದು ವರದಿ ಕೊಡುವ ತನಕ ಒಂದಕ್ಷರದ ಆ ತಿದ್ದುಪಡಿ ತಡೆಹಿಡಿಯಲ್ಪಟ್ಟಿತ್ತು. ಮುಳ್ಳು ನೋಡಿಕೊಂಡು ತಿನ್ನು ಎಂಬ ಸೂಚನೆ ಸಹಿತ ಎಲ್ಲವೂ ತಮ್ಮ ವಿಭಾಗದವರೆಲ್ಲ ಓದುವ ಮೇಲಿಂಗ್ ಲಿಸ್ಟಿನ ದಾಖಲೆಯಲ್ಲಿದೆ, ಬೇಕಾದರೆ ತೆಗೆದು ನೋಡಿಕೊಳ್ಳಬಹುದು.

7. ಮುಂದೆ ನಡೆದದ್ದಕ್ಕೆ ಅರ್ಜಿದಾರಳು ಹೊಣೆಯಲ್ಲ, ತಮ್ಮ ಪ್ರೋಗ್ರಾಮು ಹೊಣೆ. ಯಾವ ಕಡತವನ್ನು ಇತ್ತೀಚೆಗೆ ಯಾರು ನೋಡಿ ಒಪ್ಪಿದ್ದಾರೆಂದು ಹುಡುಕಿ, ಆ ಕಡತದ ಮುಂದಿನ ಪ್ಯಾಚುಗಳನ್ನೆಲ್ಲ ಅವರಿಗೆ ಕಳಿಸಿರೆಂದು ಹೇಳುವ ಪ್ರೋಗ್ರಾಮೊಂದು ತಮ್ಮಲ್ಲಿದೆಯಂತೆ. ಆ ಮುದಿ ಪ್ರಿಂಟರಿನ ಕಡತವನ್ನು ತಿರುಗಿ ನೋಡುವವರೇ ಇಲ್ಲದ ಕಾರಣ ಅದು ಹುಡುಕಿದಾಗಲೆಲ್ಲ ಅಮರಮ್ಮನ ಹೆಸರೇ ಮೇಲೆ ಬಂತು. ಜರ್ಮನಿಯವರು ಬರೆದರು, ಬ್ರೆಜಿಲ್‌ದವರು ಬರೆದರು, ಕೊರಿಯಾದವರು ಬರೆದರು. ಎಲ್ಲರದೂ ಒಂದೇ ಮಾತು: ಇದನ್ನು ಹೀಗೆ ತಿದ್ದಿದ್ದೇವೆ, ತಮ್ಮ ಅಭಿಪ್ರಾಯವೇನು? ಆಕೆ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ಓದಿಸಿ, ಬರೆದವರನ್ನು ಕೇಳಿದ್ದಾರೋ ಇಲ್ಲವೋ ವಿಚಾರಿಸಿ, ಎಲ್ಲರ ಊಟದ ಸುದ್ದಿ ತೆಗೆದುಕೊಂಡು, ಹೂಂ ಅಂದಳು. ಕೆಲಸ ಚೆನ್ನಾಗಿ ನಡೆಯುತ್ತಿದೆಯೆಂದು ತಾವೇ ಆಕೆಯ ಹೆಸರನ್ನು ಪರಿಶೀಲಕರ ಯಾದಿಗೆ ಸೇರಿಸಿದ್ದೀರಿ. ಆ ದಿನ ಹುಲಿಗೇಶ ಸಿಂಧನೂರಿನಿಂದ ಜಿಲೇಬಿ ಕಟ್ಟಿಸಿಕೊಂಡು ಬಂದ.

ಇದಾದ ಮೇಲೆ ಒಂದು ದಿನ ಗಂಗಾದೇವಿ ಅಡಿಗೆಮನೆ ಬಾಗಿಲಲ್ಲಿ ನಿಂತು, "ಅತ್ತಿ, ಪುಂಡಿಪಲ್ಯ ಮಾಡ್ಲೋ, ಬ್ಯಾಳಿ ಮಾಡ್ಲೋ?" ಎಂದು ಕೇಳಿದಳು. ಇಷ್ಟೊಂದು ದೇಶದವರು ಕೇಳುವಾಗ ತಾನು ಕೇಳದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅವಳಿಗೆ ಅನ್ನಿಸಿದ್ದೀತು. ಅಮರಮ್ಮ "ಪುಂಡಿಪಲ್ಯ ಮಾಡು" ಅಂದಳು. ಅಂದು, ಹೊಸ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

8. ಆಕೆಯಿಂದ ಲೋಪವೇ ಆಗಿಲ್ಲ ಎಂದು ಅರ್ಜಿದಾರಳು ವಾದಿಸುವುದಿಲ್ಲ. ಅಮಾವಾಸ್ಯೆಯಂದು ಹೊಸದೇನನ್ನೂ ಒಳಗೆ ತೆಗೆದುಕೊಳ್ಳಬಾರದೆಂದು ಆಕೆ ಎಲ್ಲ ಪ್ಯಾಚುಗಳನ್ನೂ ತಡೆದದ್ದು ನಿಜ. ಅದಕ್ಕಾಗಿ ಜರ್ಮನಿಯ ಇಂಜಿನಿಯರೊಬ್ಬರು ಅಮಾವಾಸ್ಯೆ ತಿಳಿಸುವ ಪ್ರೋಗ್ರಾಮನ್ನೇ ಬರೆಯಬೇಕಾಯಿತು, ಅದರ ಕಾಮೆಂಟಿನಲ್ಲೂ ಕಾಗುಣಿತ ತಪ್ಪಿತ್ತು. ಹುಲಿಗೇಶ ಒಮ್ಮೆ ಸರಿಯಿದ್ದ ಶಬ್ದವನ್ನೇ ತಪ್ಪೆಂದು ತಿದ್ದಿದಾಗ ಆಕೆ ಅದಕ್ಕೂ ಹೂಂ ಅಂದದ್ದು ನಿಜ. ಆಕೆಗೆ ಇಂಗ್ಲಿಷ್ ಬರುವುದಿಲ್ಲ, ಕನ್ನಡ ಓದಲೂ ಬರುವುದಿಲ್ಲ, ಇದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಹೇಳಿರಲಿಲ್ಲ. ಕೊರಿಯಾದ ಹುಡುಗನಿಗೆ ಹೆಣ್ಣು ಗೊತ್ತಾಗಿದೆಯೇ ಎಂದು ವಿಚಾರಿಸಿದ್ದೂ ನಿಜ. ಅವನಿಗೆ ಇನ್ನೂ ಗೊತ್ತಾಗಿಲ್ಲ. ಪಾಮನಕಲ್ಲೂರಿನ ಕಡೆ ಒಂದು ಹೆಣ್ಣಿದೆ ಎಂಬ ಆಕೆಯ ಮಾತನ್ನು ಹುಲಿಗೇಶ ಇಂಗ್ಲಿಷಿಗೆ ಇಳಿಸಲಿಲ್ಲ, ಇದನ್ನು ಮಾತ್ರ ಅವನ ಲೋಪವೆಂದು ಪರಿಗಣಿಸಬೇಕು.

9. ಈಗ ತಮ್ಮ ಆಪಾದನೆಗೆ ಬರೋಣ. ಎಲ್ಲ ಉತ್ತರವೂ ಊಟದ ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ, ಕೇಳಿದ್ದಕ್ಕೆ ನೇರ ಜವಾಬು ಇರುವುದಿಲ್ಲ, ತಿಂಗಳಿಗೊಮ್ಮೆ ಇದ್ದಕ್ಕಿದ್ದಂತೆ ಬಂದ್ ಆಗುತ್ತದೆ, ಆದಕಾರಣ ಇದು ಯಾರೋ ಮಾಡಿಟ್ಟ ಮಾತಾಡುವ ಯಂತ್ರವೇ ಹೊರತು ಮನುಷ್ಯರಲ್ಲ ಎಂದು ತಾವು ಬರೆದಿದ್ದೀರಿ. ಈ ಲೆಕ್ಕ ಹಿಡಿದರೆ ತುರ್ವಿಹಾಳದಲ್ಲಿ ಅರ್ಧ ಊರು ಯಂತ್ರ ಆಗುತ್ತದೆ. ಬಿಕ್ಕಲಂನ ಹೆಂಡತಿ ಖಾತೂನ್‌ಬೀಯೂ ಯಂತ್ರವೇ ಆಗುತ್ತಾಳೆ.

ಆಮೇಲೆ ತಾವು ಪರೀಕ್ಷೆ ಇಟ್ಟಿರಿ. ಚೌಕ ಚೌಕದ ಚಿತ್ರಗಳನ್ನು ಕಳಿಸಿ, ಬಸ್ಸು ಇರುವ ಚೌಕಗಳನ್ನು ಮುಟ್ಟಬೇಕು, ಮನುಷ್ಯರಾದರೆ ಮುಟ್ಟುತ್ತಾರೆ ಎಂದಿರಿ. ಅಮರಮ್ಮ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. "ಇದ್ರಾಗ ಬಸ್ಸೇ ಇಲ್ಲ" ಅಂದಳು.

"ಅಲ್ಲೇ ಐತಲ್ಲಬೇ, ದೊಡ್ಡದು," ಎಂದ ಹುಲಿಗೇಶ.

"ಇದು ಬಸ್ಸಲ್ಲ ಬಿಡು. ಬಾಗಿಲಾಗ ಒಬ್ರೂ ಜೋತು ಬಿದ್ದಿಲ್ಲ."

ಸಿಂಧನೂರು ಬಸ್ಸಿನಲ್ಲಿ ಆಯುಷ್ಯ ಕಳೆದವಳ ಅನುಭವದ ಮಾತದು. ತಮ್ಮ ಪರೀಕ್ಷೆ ಅದನ್ನು ಒಪ್ಪದೆ ಆಕೆಯನ್ನು ನಪಾಸು ಮಾಡಿತು.

10. ಕಡೆಗೆ ತಾವು ವಿಡಿಯೋ ಕಾಲ್ ಮಾಡಿ ಕಣ್ಣಾರೆ ನೋಡುತ್ತೇವೆ ಅಂದಿರಿ. ಆ ದಿನದ ಸಂಗತಿಯನ್ನು ದಯವಿಟ್ಟು ಸಾವಧಾನದಿಂದ ಓದಬೇಕು, ಏಕೆಂದರೆ ಇಡೀ ಪ್ರಕರಣ ಇದರ ಮೇಲೆ ನಿಂತಿದೆ. ಹುಲಿಗೇಶ ಲ್ಯಾಪ್‌ಟಾಪನ್ನು ಅಂಗಳದಲ್ಲಿ ಸ್ಟೂಲಿನ ಮೇಲಿಟ್ಟ. ಕೆಳಗೆ ರೇಂಜು ಸಿಗದಿದ್ದ ಕಾರಣ ಅದಕ್ಕೆ ಇಂಟರ್‌ನೆಟ್ ಕೊಡಲು ತಾನು ಮೊಬೈಲ್ ಹಿಡಿದು ಮಾಳಿಗೆ ಹತ್ತಿದ. ಹತ್ತುವ ಮುಂಚೆ, "ಅಜ್ಜಿ, ಅದರಾಗ ಕ್ಯಾಮರಾ ಐತಿ, ಅದರ ಕಡೆ ನೋಡ್ಕಂತ ಕುಂದ್ರು" ಎಂದು ಹೇಳಿದ. ತಪ್ಪಾದದ್ದು ಇಲ್ಲೇ.

ಅಮರಮ್ಮ ಜೀವನದಲ್ಲಿ ಕ್ಯಾಮರಾ ಮುಂದೆ ಕೂತದ್ದು ಮದುವೆಯಾದ ಹೊಸದರಲ್ಲಿ, ಮಾಳಿಂಗರಾಯನ ಜೊತೆ, ಲಿಂಗಸುಗೂರಿನ ಸ್ಟುಡಿಯೋದಲ್ಲಿ. ಅಲುಗಾಡಿದರೆ ಫೋಟೋ ಕೆಡುತ್ತದೆ, ಮತ್ತೆ ರೊಕ್ಕ ಕೊಡಬೇಕಾಗುತ್ತದೆ ಎಂದು ಅಲ್ಲಿಯವನು ಹೆದರಿಸಿದ್ದ. ಆ ಪಾಠವನ್ನು ಆಕೆ ಮರೆತಿಲ್ಲ. ತಲೆ ತುಂಬ ಸೆರಗು ಹೊದ್ದು, ಎರಡೂ ಕೈ ಮೊಣಕಾಲ ಮೇಲೆ ಊರಿ, ಉಸಿರು ಬಿಗಿ ಹಿಡಿದು, ಕಣ್ಣು ಮಿಟುಕಿಸದೆ ನೆಟ್ಟಗೆ ಕೂತಳು. ಇದನ್ನು ಕಂಡ ಗಂಗಾದೇವಿ, ಮನೆಯಲ್ಲಿ ಫೋಟೋ ತೆಗೆಸುವುದಿದ್ದರೆ ತನಗೂ ಹೇಳಬಾರದೇ ಎಂದು ಗೊಣಗಿಕೊಂಡು ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟು ಬಂದು, ಅತ್ತೆಯ ಕುರ್ಚಿಯ ಹಿಂದೆ ಒಂದು ಕೈಯಿಟ್ಟು ತಾನೂ ಕಲ್ಲಾಗಿ ನಿಂತಳು. ತಾವು ಅತ್ತ ಕಡೆಯಿಂದ ಹಲೋ ಅಂದಿರಿ. ಕೈ ಬೀಸಿರಿ ಅಂದಿರಿ. ಇಂಗ್ಲಿಷ್ ಬಲ್ಲವನು ಮಾಳಿಗೆ ಮೇಲಿದ್ದ. ಫೋಟೋ ತೆಗೆಯುವವನು ಯಾಕಿಷ್ಟು ಒದರುತ್ತಾನೆ ಎಂದು ಇಬ್ಬರೂ ಒಳಗೊಳಗೇ ಅಂದುಕೊಂಡರೇ ಹೊರತು ಹುಬ್ಬು ಕೂಡ ಅಲ್ಲಾಡಿಸಲಿಲ್ಲ.

"ಕ್ಯಾಮರಾ ಮುಂದೆ ಹಳೇ ಛಾಯಾಚಿತ್ರವೊಂದನ್ನು ಇಟ್ಟು ಮೋಸ ಮಾಡಲಾಗಿದೆ" ಎಂದು ತಾವು ತೀರ್ಮಾನ ಬರೆದಿದ್ದೀರಿ. ಅಲ್ಲ ಸ್ವಾಮಿ, ಅವರ ಹಿಂದೆ ಗೂಟಕ್ಕೆ ಕಟ್ಟಿದ ಆಡು ಕಾಣುವುದಿಲ್ಲವೇ? ಅದು ಎಡಗಿವಿಯನ್ನು ಸ್ಪಷ್ಟವಾಗಿ ಅಲ್ಲಾಡಿಸಿದೆಯಲ್ಲ? ಛಾಯಾಚಿತ್ರದ ಆಡು ಕಿವಿ ಅಲ್ಲಾಡಿಸುತ್ತದೆಯೇ? ಇದೊಂದು ಅಂಶವನ್ನು ಪರಿಗಣಿಸದೆ ಕೈಗೊಂಡ ತೀರ್ಮಾನ ಏಕಪಕ್ಷೀಯವೆಂದು ಬಿಕ್ಕಲಂನು ತನ್ನ ಇಷ್ಟು ವರ್ಷದ ಅನುಭವದ ಮೇಲೆ ಹೇಳಬಯಸುತ್ತಾನೆ.

11. ಹೆಸರು ತೆಗೆಯುವ ತಮ್ಮ ಇ-ಮೇಲನ್ನು ಹುಲಿಗೇಶ ಮುಚ್ಚಿಡಲು ನೋಡಿದ. ಅವನ ಮುಖ ನೋಡಿಯೇ ಆಕೆ ಹಿಡಿದುಬಿಟ್ಟಳು. ಓದಿಸಿಕೊಂಡ ಮೇಲೆ, "ತಗೀಲಿ ಬಿಡು. ನಾ ಇದ್ರೂ ಒಂದ, ಇರದಿದ್ರೂ ಒಂದ" ಎಂದಷ್ಟೇ ಅಂದಳು. ಮಾರನೇ ದಿನದಿಂದ ಕಟ್ಟೆಗೆ ಬಂದು ಕೂಡಲಿಲ್ಲ. ಹಾದಿಯಲ್ಲಿ ಹೋಗುವವರೇ ನಿಂತು, ಯಾಕಬೇ, ಅಮರಮ್ಮಗ ಆರಾಮಿಲ್ಲೇನು ಎಂದು ಮನೆಯವರನ್ನು ಕೇಳತೊಡಗಿದರು. ಆಕೆಗೆ ಹೆದರಿಕೆ ಇರುವುದು ಯಾದಿಯ ಬಗ್ಗೆ ಅಲ್ಲ ಎಂಬುದನ್ನು ತಾವು ತಿಳಿಯಬೇಕು. ಲೋಕ ಕೇಳುತ್ತದೆಂದು ಮನೆಯವರು ಕೇಳಿದರು, ನಾಳೆ ಲೋಕ ಕೇಳುವುದನ್ನು ಬಿಟ್ಟರೆ ಮನೆಯವರೂ ಬಿಡುತ್ತಾರೆ, ಮತ್ತೆ ಅದೇ "ಸುಮ್ಕ ಕುಂದ್ರು" ಎಂಬುದು ಆಕೆಯ ಹೆದರಿಕೆ. ಇದನ್ನು ಕಂಡು ತಡೆಯಲಾರದೆ ಹುಲಿಗೇಶ ಆಕೆಯನ್ನು ಬಿಕ್ಕಲಂನ ಬೇವಿನ ಮರಕ್ಕೆ ಕರೆತಂದನು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಮುಖ್ಯವಾಗಿ ಆಡಿನ ಕಾರಣದಿಂದ, ಅರ್ಜಿದಾರಳ ಹೆಸರನ್ನು ಯಾದಿಯಲ್ಲಿ ಇದ್ದಂತೆಯೇ ಮುಂದುವರಿಸಲು ಆದೇಶವಾಗಬೇಕೆಂದು ಪ್ರಾರ್ಥನೆ. ಹಾಗೂ ತೆಗೆಯುವುದೇ ನಿಶ್ಚಯವಾದಲ್ಲಿ, ಹೆಸರು ತೆಗೆಯುವುದೂ ಒಂದು ಪ್ಯಾಚೇ ಆಗಿರುವ ಕಾರಣ, ಯಾದಿಯಲ್ಲಿರುವವರಿಗೆ ಕಳಿಸಿ ಅಭಿಪ್ರಾಯ ಕೇಳುವ ತಮ್ಮದೇ ಪದ್ಧತಿಯಂತೆ ಆ ಪ್ಯಾಚನ್ನು ಮೊದಲು ಆಕೆಗೆ ಕಳಿಸಿ ಕೇಳತಕ್ಕದ್ದು. ಆಕೆ ಹೂಂ ಅಂದರೆ ತೆಗೆಯಬಹುದು.

ಷರಾ: ಇಷ್ಟು ಬರೆದು ಬಿಕ್ಕಲಂನು ಅರ್ಜಿಯನ್ನು ಬೇವಿನ ಮರದ ಕೆಳಗೆ ಗಟ್ಟಿಯಾಗಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಲು ಇಂಕಿನ ಪ್ಯಾಡು ಮುಂದಕ್ಕೆ ಸರಿಸಿದನು. ಅಮರಮ್ಮ ಕೈ ಚಾಚಲಿಲ್ಲ.

"ತಡೀ ಶಾಮೀದಣ್ಣ. ಇನ್ನೊಬ್ರು ನೋಡ್ಬೇಕಲ್ಲ."

"ನಾ ನೋಡೀನಲ್ಲಕ್ಕ?"

"ನೀ ಬರದಾಂವ. ಬರದಾಂವ ಬಿಟ್ಟು ಇನ್ನೊಬ್ರು." ಹೀಗೆಂದು ಪಕ್ಕದಲ್ಲಿ ಸಂಚಿ ಹಿಡಿದು ನಿಂತಿದ್ದ ಸೊಸೆಯ ಕಡೆ ತಿರುಗಿದಳು. "ಗಂಗಾ, ನೀ ಏನಂತೀ?"

ಅತ್ತೆಯಾದವಳು ಆ ಸೊಸೆಯನ್ನು ಹೀಗೆ ಕೇಳಿದ್ದು ಹಿಂದೆಂದೂ ಇಲ್ಲವಂತೆ. ಆಕೆಯ ಯಜಮಾನಿಕೆ ನಡೆದ ಕಾಲದಲ್ಲಂತೂ ಕೇಳುವ ಮಾತೇ ಇರಲಿಲ್ಲವೆಂದು ಗಂಗಾದೇವಿಯೇ ಆಮೇಲೆ ಹೇಳಿದಳು. ಆ ಹೊತ್ತಿಗೆ ಮಾತ್ರ ಅವಳು ಸಂಚಿಯ ದಾರ ಸುತ್ತುತ್ತ ನಿಂತಳು.

"ನಾಕನೇದ್ರಾಗ ಜ್ಯೋತಿ ಮದಿವಿ ಮಾತು ಬರದೀರಲ್ರಿ," ಎಂದಳು ಕೊನೆಗೆ.

ಬೇಡವಾದರೆ ಹೊಡೆದುಹಾಕುತ್ತೇನೆ ಎಂದು ಬಿಕ್ಕಲಂನು ಪೆನ್ನು ತೆಗೆದನು.

"ಬ್ಯಾಡ್ರಿ, ಇರ್ಲಿ. ಖರೇ ಐತಿ. ಆದ್ರ ಒಂದು ಕೂಡಸ್ರಿ. ಅವ್ರು ಹೆಸರು ತಗದ್ರೂ ನಾ ಕೇಳ್ತೀನಿ ಅಂತ ಬರೀರಿ."

ಬಿಕ್ಕಲಂನು ಪೆನ್ನು ಕೆಳಗಿಟ್ಟು ತಿಳಿಸಿ ಹೇಳಿದನು: ನೋಡವ್ವ, ಅರ್ಜಿಗೆ ಜೀವ ಬರುವುದು ಅರ್ಜಿದಾರರಿಗೆ ಆಗುವ ನಷ್ಟದಿಂದ. ಹನ್ನೊಂದನೇ ಅಂಶದಲ್ಲಿ ನಷ್ಟವನ್ನು ಕಷ್ಟಪಟ್ಟು ಕಟ್ಟಿದ್ದೇನೆ. ಹೆಸರು ತೆಗೆದರೂ ನಷ್ಟವಿಲ್ಲ ಎಂದು ನಾವೇ ಬರೆದುಕೊಟ್ಟರೆ ಯಾವ ಕಚೇರಿ ಕಿವಿಗೆ ಹಾಕಿಕೊಂಡೀತು? ಕೇಸು ಬಿದ್ದುಹೋಗುತ್ತದೆ.

ಗಂಗಾದೇವಿ ಅತ್ತೆಯ ಮುಖ ನೋಡಿದಳು. "ಏನ್ ಮಾಡ್ಲಿ ಅತ್ತಿ? ಬರಸ್ಲೋ, ಬ್ಯಾಡೋ?"

ಅಮರಮ್ಮ ಸೆರಗಿನಿಂದ ಮೊದಲು ಬಾಯಿ ಒರೆಸಿಕೊಂಡಳು, ಆಮೇಲೆ ಕಣ್ಣು. "ಹೂಂ," ಅಂದಳು. "ಬರಿ ಶಾಮೀದಣ್ಣ. ಬಿದ್ರ ಬೀಳ್ಲಿ."

ಆ ಪ್ರಕಾರ ಬರೆಯಲಾಗಿದೆ: ತಾವು ಹೆಸರು ತೆಗೆದರೂ ಗಂಗಾದೇವಿ ಕೇಳುತ್ತಾಳೆ. ಈ ವಾಕ್ಯದಿಂದ ಅರ್ಜಿಯ ಬಲ ಸಂಪೂರ್ಣ ಕುಂದಿದೆ ಎಂಬುದು ಬಿಕ್ಕಲಂನ ಅಭಿಪ್ರಾಯವಾಗಿದ್ದು, ಅದನ್ನು ಯಾರೂ ಕೇಳಲಿಲ್ಲ.

ಇಷ್ಟಾದರೂ ತಮ್ಮ ಮೇಲಿನ ವಿಶ್ವಾಸ ಬಿಡದ,

ಅಮರಮ್ಮ
(ಎಡಗೈ ಹೆಬ್ಬೆಟ್ಟು. ಒತ್ತುವಾಗ ನಗು ಬಂದು ಕೈ ಅಲುಗಿ ಗುರುತು ಕಲಸಿದೆ. ಛಾಯಾಚಿತ್ರಗಳು ಹೀಗೆ ಅಲುಗುವುದಿಲ್ಲ ಎಂಬುದನ್ನು ಗಮನಿಸಬೇಕು.)

ನೋಡಿ ಒಪ್ಪಿದವರು: ಗಂಗಾದೇವಿ, ಸೊಸೆ.
ಬಿಕ್ಕಲಂ: ಶಾಮೀದಸಾಬ, ಬೇವಿನ ಮರ, ಸಿಂಧನೂರು.
ಇಂಗ್ಲಿಷಿಗೆ ಇಳಿಸಿದವರು: ಹುಲಿಗೇಶ. ಕಾಗುಣಿತ ತಪ್ಪಿದ್ದರೆ ಅವನದು.

ಲಗತ್ತುಗಳು:
1. ಆಡಿನ ಎಡಗಿವಿ, ಅಲ್ಲಾಡುವ ಮುಂಚಿನದು ಮತ್ತು ನಂತರದ್ದು.
2. ನಾರ್ವೆಯ ಓಡ್ವಾರರ ಪತ್ರ. "ನಾನು ತಿಂದ ಮೀನಿನ ಮುಳ್ಳಿನ ಚಿಂತೆ ಮಾಡುವ ಯಂತ್ರವನ್ನು ನಮ್ಮಲ್ಲಿ ಯಾರೂ ಈ ತನಕ ಮಾಡಿಲ್ಲ" ಎಂದು ಬರೆದುಕೊಟ್ಟಿದ್ದಾರೆ. ಈಗ ದಿನಾ ಅಡಿಗೆ ಮಾಡಿಕೊಳ್ಳುತ್ತಾರೆ.
3. ಎಲೆ ಅಡಿಕೆ, ಸ್ಕ್ಯಾನ್ ಮಾಡಿದ್ದು.

ಯಥಾಪ್ರತಿ: ಜ್ಯೋತಿಯ ಬೀಗರು, ಮಸ್ಕಿ, ಮಾಹಿತಿಗಾಗಿ.

ವಿಶೇಷ ಸೂಚನೆ: ಈ ಅರ್ಜಿಯ ಮೇಲಿನ ಆದೇಶವನ್ನು ತಾವು ಸಾವಕಾಶವಾಗಿ ಹೊರಡಿಸಬಹುದು, ಅವಸರವಿಲ್ಲ. ಆದರೆ ತಮ್ಮ ಊಟ ಆಗಿದೆಯೋ ಇಲ್ಲವೋ ಎಂಬುದನ್ನು ಇವತ್ತೇ ತಿಳಿಸಬೇಕು. ಅರ್ಜಿದಾರಳು ಊರಿಗೆ ಮರಳಿ ಮತ್ತೆ ಕಟ್ಟೆಯ ಮೇಲೆ ಕೂತಿದ್ದಾಳೆ.